ಹುಟ್ಟಿದ ಕಥೆ ಮತ್ತೆ ಮತ್ತೆ ಯಾಕೆ? ಸೂಪರ್‌ಹೀರೋಗೆ ಒಂದು ಪೀಠಿಕೆ ಸಾಕು

ಬ್ಯಾಟ್‌ಮ್ಯಾನ್‌ನ ಅಪ್ಪ ಅಮ್ಮ ಗಲ್ಲಿಯಲ್ಲಿ ಗುಂಡೇಟು ತಿಂದು ಬೀಳುವುದನ್ನು 1989ರಲ್ಲಿ ತೋರಿಸಿದರು. 2005ರಲ್ಲಿ ತೋರಿಸಿದರು. 2016ರಲ್ಲಿ ಹೆಸರುಪಟ್ಟಿ ಓಡುತ್ತಿರುವಾಗಲೇ ತೋರಿಸಿದರು. 2019ರಲ್ಲಿ ಅವನ ವೈರಿ ಜೋಕರ್‌ನ ಸಿನಿಮಾದ ಕೊನೆಗೂ ತಂದು ಸೇರಿಸಿದರು. ಅಮ್ಮನ ಕೊರಳಿನ ಮುತ್ತಿನ ಸರ ಕಂಡ ಕೂಡಲೇ ಮುಂದೇನಾಗುತ್ತದೆಂದು ಹತ್ತು ವರ್ಷದ ಮಕ್ಕಳೂ ಹೇಳುತ್ತಾರೆ.

ಹಾಗಾದರೆ ಹೊಸ ಸಿನಿಮಾ ಬಂದಾಗಲೆಲ್ಲ ನಾಯಕ ಹುಟ್ಟಿದ ಕಥೆಯನ್ನು ಮೊದಲಿಂದ ಹೇಳಬೇಕೇ? ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಅದನ್ನು ಸುಮ್ಮನೆ ಕತ್ತರಿಸಿ ಎಸೆದರೂ ಸಿನಿಮಾ ಕುಂಟುತ್ತದೆ. ಆ ಜಾಗದಲ್ಲಿ ಏನಿಡಬೇಕೆಂದು ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಆಟ (ಯಕ್ಷಗಾನ), ಕೂಟ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ) ನೋಡಿ ಬೆಳೆದವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಊರಿಗೆಲ್ಲ ಗೊತ್ತಿರುವ ಕಥೆಯನ್ನು ಈ ರಾತ್ರಿ ಎಲ್ಲಿಂದ ಎತ್ತಿಕೊಳ್ಳಬೇಕು ಎನ್ನುವುದು ಯಕ್ಷಗಾನ ಕವಿ ಪಾರ್ತಿಸುಬ್ಬ ರಾಮಾಯಣವನ್ನು ಪ್ರಸಂಗಗಳಾಗಿ ಒಡೆದ ಕಾಲದಿಂದ ನಮ್ಮವರು ಬಿಡಿಸುತ್ತ ಬಂದ ಲೆಕ್ಕ. ಪಂಚವಟಿ ಆಡುವ ದಿನ ಪುತ್ರಕಾಮೇಷ್ಟಿಯಿಂದ ಶುರು ಮಾಡುವುದಿಲ್ಲ. ರಾಮ ಯಾರು, ಕಾಡಿಗೆ ಯಾಕೆ ಬಂದ ಎಂದು ಯಾರೂ ಎದ್ದು ಕೇಳುವುದೂ ಇಲ್ಲ. ಆದರೂ ರಾಮನ ಪಾತ್ರ ಬಂದು ಕೂತ ಮೇಲೆ ಒಂದು ಪೀಠಿಕೆ ಇದ್ದೇ ಇರುತ್ತದೆ.

ಕೂಟದಲ್ಲಿ ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಮೊದಲ ಸಲ ಬಾಯಿ ತೆರೆದು ತನ್ನ ಪಾತ್ರವನ್ನು ಸ್ಥಾಪಿಸುವ ಮಾತೇ ಪೀಠಿಕೆ. ಒಳ್ಳೆಯ ಅರ್ಥಧಾರಿ ಅಲ್ಲಿ ಪಾತ್ರದ ಇಡೀ ಪುರಾಣ ಒಪ್ಪಿಸುವುದಿಲ್ಲ. ಅಂದಿನ ಪ್ರಸಂಗಕ್ಕೆ ಬೇಕಾದಷ್ಟನ್ನೇ ಹೆಕ್ಕುತ್ತಾನೆ. ಭೀಷ್ಮ ವಿಜಯದ ಭೀಷ್ಮನಾದರೆ ಬ್ರಹ್ಮಚರ್ಯದ ಪ್ರತಿಜ್ಞೆ ಮುಂದೆ ಬರಬೇಕು, ಯಾಕೆಂದರೆ ಅಂಬೆ ಬಂದು ಹಣೆ ಹೊಡೆದುಕೊಳ್ಳುವುದು ಆ ಗೋಡೆಗೆ. ಅದೇ ಭೀಷ್ಮ ಕುರುಕ್ಷೇತ್ರದ ಹತ್ತನೆಯ ದಿನಕ್ಕೆ ಬಂದಾಗ ಇಚ್ಛಾಮರಣದ ವರ ಮುಂದೆ ಬರುತ್ತದೆ. ಸತ್ಯವತಿಯ ತಂದೆಯ ಷರತ್ತು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ವ್ಯಕ್ತಿ ಒಬ್ಬನೇ, ಹುಟ್ಟಿದ ಕಥೆಯೂ ಒಂದೇ. ಅದರ ಯಾವ ತುಂಡು ಇವತ್ತು ಕೆಲಸಕ್ಕೆ ಬರುತ್ತದೆ ಎನ್ನುವುದು ಮಾತ್ರ ಬದಲಾಗುತ್ತದೆ.

ಸೂಪರ್‌ಹೀರೋಗಳ ಮೂಲ ಕಾಮಿಕ್ಸ್ ತೆಗೆದು ನೋಡಿದರೂ ಇದೇ ಕಾಣುತ್ತದೆ. 1938ರ ಜೂನ್ ತಿಂಗಳ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನ ಹುಟ್ಟಿಗೆ ಸಿಕ್ಕಿದ್ದು ಒಂದೇ ಪುಟ. ಅದರಲ್ಲಿ ಅವನು ಹುಟ್ಟಿದ ಗ್ರಹಕ್ಕೆ ಕ್ರಿಪ್ಟಾನ್ ಎಂಬ ಹೆಸರೂ ಇಲ್ಲ, ಸಾಕಿದ ಕೆಂಟ್ ದಂಪತಿಯೂ ಇಲ್ಲ. ದಾರಿಹೋಕನೊಬ್ಬ ಮಗುವನ್ನು ಕಂಡು ಅನಾಥಾಶ್ರಮಕ್ಕೆ ಒಪ್ಪಿಸುತ್ತಾನೆ, ಅಷ್ಟೆ. ಬ್ಯಾಟ್‌ಮ್ಯಾನ್ ಇನ್ನೂ ಸ್ವಾರಸ್ಯ. 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ನೆಯ ಸಂಚಿಕೆಯಲ್ಲಿ ಅವನು ಯಾವ ವಿವರಣೆಯೂ ಇಲ್ಲದೆ ನೇರ ಕೆಲಸಕ್ಕೆ ಇಳಿದ. ಅಪ್ಪ ಅಮ್ಮ ಸತ್ತ ಕಥೆ ಬಂದದ್ದು ನವೆಂಬರಿನ 33ನೆಯ ಸಂಚಿಕೆಯಲ್ಲಿ, ಅದೂ ಎರಡೇ ಪುಟ. ಅರ್ಧ ವರ್ಷ ಓದುಗರು ಆ ಕಾರಣ ಗೊತ್ತಿಲ್ಲದೆಯೇ ಅವನನ್ನು ಒಪ್ಪಿಕೊಂಡಿದ್ದರು. ಸ್ಪೈಡರ್‌ಮ್ಯಾನ್ ಮಾತ್ರ 1962ರ ಆಗಸ್ಟ್ ಸಂಚಿಕೆಯಲ್ಲಿ 11 ಪುಟ ತೆಗೆದುಕೊಂಡ. ಯಾಕೆಂದರೆ ಅವನ ವಿಷಯದಲ್ಲಿ ಹುಟ್ಟೇ ಕಥೆ: ಕೈಗೆ ಸಿಕ್ಕ ಕಳ್ಳನನ್ನು ತನಗೇನು ಎಂದು ಬಿಟ್ಟುಬಿಡುತ್ತಾನೆ, ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರಬೇಕು ಎಂಬ ಹೆಸರಾಂತ ಮಾತು ಅಲ್ಲಿ ಚಿಕ್ಕಪ್ಪನ ಬಾಯಲ್ಲಿಲ್ಲ. ಕೊನೆಯ ಚೌಕದ ಮೇಲಿನ ನಿರೂಪಣೆಯ ಸಾಲಿನಲ್ಲಿದೆ. ಎಲ್ಲ ಮುಗಿದ ಮೇಲೆ ಭಾಗವತರು ಹೇಳಿದಂತೆ ಬರುತ್ತದೆ.

ಈ ಒಂದೇ ಮಾತಿನ ಪಯಣ ಹಿಡಿದು ಹೊರಟರೆ ಇಡೀ ಚರ್ಚೆ ಬಿಚ್ಚಿಕೊಳ್ಳುತ್ತದೆ.

2002ರ ಸಿನಿಮಾದಲ್ಲಿ ಚಿಕ್ಕಪ್ಪ ಬೆನ್ ಕಾರಿನಲ್ಲಿ ಕೂತು ಅದನ್ನು ಪೀಟರ್‌ಗೆ, ಅಂದರೆ ಸ್ಪೈಡರ್‌ಮ್ಯಾನ್ ಆಗುವ ಹುಡುಗನಿಗೆ, ಹೇಳುತ್ತಾನೆ. ಪೀಟರ್ ಸಿಡುಕಿ ಇಳಿದು ಹೋಗುತ್ತಾನೆ. ಮುಂದೆ ಕುಸ್ತಿ ಆಡಿಸುವವನು ಪೀಟರ್‌ಗೆ ಕೊಡಬೇಕಾದ ದುಡ್ಡು ಕೊಡದೆ, ಅದು ತನ್ನ ತಲೆನೋವಲ್ಲ ಎಂಬರ್ಥದ ಮಾತಾಡುತ್ತಾನೆ. ಕಳ್ಳ ಅವನನ್ನು ದೋಚಿ ಓಡುವಾಗ ಪೀಟರ್ ಅದೇ ಮಾತನ್ನು ಅವನಿಗೇ ತಿರುಗಿಸಿ ಕೊಟ್ಟು ದಾರಿ ಬಿಡುತ್ತಾನೆ. ಆ ಕ್ಷಣದಲ್ಲಿ ಪ್ರೇಕ್ಷಕನಿಗೂ ಖುಷಿಯಾಗುತ್ತದೆ. ಚಿಕ್ಕಪ್ಪ ರಸ್ತೆಯಲ್ಲಿ ಬಿದ್ದಿರುವುದು ಕಂಡಾಗ ಆ ಖುಷಿಯೇ ಚುಚ್ಚುತ್ತದೆ. ಸುಮಾರು ಮುಕ್ಕಾಲು ಗಂಟೆ ಇದಕ್ಕೆ ಹೋಗುತ್ತದೆ, ಒಂದು ನಿಮಿಷವೂ ದಂಡವಲ್ಲ. ಸ್ಪೈಡರ್‌ಮ್ಯಾನ್ ದೊಡ್ಡ ಪರದೆಗೆ ಆ ಮಟ್ಟದಲ್ಲಿ ಬಂದದ್ದು ಅದೇ ಮೊದಲು. ಜೊತೆಗೆ ಆ ಮುಕ್ಕಾಲು ಗಂಟೆಯಲ್ಲೇ ವೈರಿಯೂ ಹುಟ್ಟುತ್ತಾನೆ. ಗೆಳೆಯ ಹ್ಯಾರಿಯ ತಂದೆ ತನ್ನ ಮೇಲೆಯೇ ಔಷಧ ಪ್ರಯೋಗಿಸಿಕೊಂಡು ಗಾಬ್ಲಿನ್ ಆಗುತ್ತಾನೆ. ಎರಡು ಹುಟ್ಟು ಪಕ್ಕಪಕ್ಕ ನಡೆಯುವುದರಿಂದ ಕಥೆ ನಿಂತಲ್ಲೇ ನಿಲ್ಲುವುದಿಲ್ಲ.

ಹತ್ತೇ ವರ್ಷ ಬಿಟ್ಟು 2012ರಲ್ಲಿ ಅದನ್ನೇ ಮತ್ತೆ ಹೇಳಿದರು. ಇದಕ್ಕೆ ಕಲೆಯ ಕಾರಣಕ್ಕಿಂತ ವ್ಯವಹಾರದ ಕಾರಣ ದೊಡ್ಡದು. ಪಾತ್ರದ ಹಕ್ಕು ಪಡೆದ ಸಂಸ್ಥೆ ನಿಗದಿತ ಅವಧಿಯೊಳಗೆ ಸಿನಿಮಾ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಹಕ್ಕು ಹಿಂದಿರುಗುತ್ತದೆ. ಹಳೆಯ ತಂಡದ ನಾಲ್ಕನೆಯ ಸಿನಿಮಾ 2010ರ ಆರಂಭದಲ್ಲಿ ನಿಂತುಹೋದಾಗ, ಹೊಸ ನಟ, ಹೊಸ ನಿರ್ದೇಶಕ, ಮತ್ತೆ ಮೊದಲಿಂದ ಎಂದಾಯಿತು. ಬರೆಯುವವರಿಗೆ ಕಷ್ಟ ಶುರುವಾಗುವುದು ಇಲ್ಲೇ. ಜನ ಮರೆತಿಲ್ಲದ ಘಟನೆಯನ್ನು ಹಾಗೆಯೇ ತೋರಿಸುವಂತಿಲ್ಲ, ಬಿಡುವಂತೆಯೂ ಇಲ್ಲ. ಆಗ ಅಂಚಿನಲ್ಲಿ ಚೂರುಚೂರು ಬದಲಾಯಿಸುತ್ತ ಹೋಗುತ್ತಾರೆ. ಕುಸ್ತಿಯ ದುಡ್ಡಿನ ಬದಲು ಅಂಗಡಿಯಲ್ಲಿ ಹಾಲಿನ ಬಾಟಲಿಗೆ ಎರಡು ಸೆಂಟ್ ಕಮ್ಮಿ ಬಿತ್ತು ಎಂದಾಯಿತು. ಹೊಣೆಯ ಮಾತನ್ನು ಹಾಗೆಯೇ ಹೇಳಿಸಲು ಮುಜುಗರ, ಹಾಗಾಗಿ ಚಿಕ್ಕಪ್ಪ ಅದನ್ನೇ ಸುತ್ತಿ ಬಳಸಿ ಹೇಳಿದ. ಕಳ್ಳನ ಮಣಿಕಟ್ಟಿನ ಮೇಲೆ ಒಂದು ನಕ್ಷತ್ರದ ಹಚ್ಚೆ ಇದೆ. ಪೀಟರ್ ರಾತ್ರಿ ರಾತ್ರಿ ಪುಂಡರನ್ನು ಹಿಡಿದು, ತೋಳು ಮೇಲೆತ್ತಿ, ಮಣಿಕಟ್ಟು ತಿರುಗಿಸಿ ನೋಡುತ್ತಾನೆ. ಒಳ್ಳೆಯ ಎಳೆ. ಆದರೆ ಸಿನಿಮಾ ಅರ್ಧ ದಾಟುವಷ್ಟರಲ್ಲಿ ಹಲ್ಲಿಮನುಷ್ಯ ಬರುತ್ತಾನೆ, ಹಚ್ಚೆಯ ಹುಡುಕಾಟ ಅಲ್ಲಿಗೇ ಬಿದ್ದುಹೋಗುತ್ತದೆ. ಕಳ್ಳ ಸಿಗಲಿಲ್ಲ, ಸಿಗದಿದ್ದದ್ದರಿಂದ ಪೀಟರ್‌ಗೆ ಏನೂ ಆಗಲೂ ಇಲ್ಲ.

ಯಾಕೆ ಹೀಗಾಯಿತು? ಆ ಸಿನಿಮಾದ ನಿಜವಾದ ಬೇರು ಚಿಕ್ಕಪ್ಪನ ಸಾವಲ್ಲ, ಕಾಣೆಯಾದ ಅಪ್ಪನ ಸಂಶೋಧನೆ. ಹಲ್ಲಿಮನುಷ್ಯ ಹುಟ್ಟುವುದು ಆ ಸೂತ್ರದಿಂದ. ಅಂದರೆ ಬರೆದವರ ಕೈಯಲ್ಲಿ ಒಂದು ಹೊಸ ಮೂಲ ಇತ್ತು. ಹಳೆಯದನ್ನೂ ತೋರಿಸಲೇಬೇಕೆಂಬ ಹಟದಿಂದ ಎರಡನ್ನೂ ಒಂದೇ ಸಿನಿಮಾದಲ್ಲಿ ತುರುಕಿದರು. ಚಿಕ್ಕಪ್ಪನ ಸಾವನ್ನು ಹಿಂದೆಂದೋ ಆದದ್ದೆಂದು ಒಂದು ಪೀಠಿಕೆಯಲ್ಲಿ ಮುಗಿಸಿ ಅಪ್ಪನ ಎಳೆಯಿಂದಲೇ ಶುರು ಮಾಡಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

ಇದರಿಂದ ಒಂದು ಪರೀಕ್ಷೆ ಸಿಗುತ್ತದೆ, ಯಾವ ಸಿನಿಮಾಕ್ಕೂ ಹಚ್ಚಿ ನೋಡಬಹುದು. ಮೊದಲ 40 ನಿಮಿಷ ಕಿತ್ತು ಹಾಕಿದರೆ ಕೊನೆಯ ಅರ್ಧ ಗಂಟೆ ಅರ್ಥ ಕಳೆದುಕೊಳ್ಳುತ್ತದೆಯೇ? ಕಳೆದುಕೊಂಡರೆ ಹುಟ್ಟಿದ ಕಥೆ ಬೇಕು. 2008ರ ಐರನ್ ಮ್ಯಾನ್ ಪೂರ್ತಿ ಪಾಸು. ಗುಹೆಯಲ್ಲಿ ಟೋನಿ ತನ್ನದೇ ಕಂಪೆನಿಯ ಆಯುಧಗಳನ್ನು ಒಡೆದು, ಆ ತುಂಡುಗಳಿಂದ ಮೊದಲ ಕವಚ ಬಡಿಯುತ್ತಾನೆ. ಅವನನ್ನು ಅಲ್ಲಿಗೆ ತಳ್ಳಿದವನು ಯಾರು ಎಂಬುದೇ ಕೊನೆಯ ಹೊಡೆದಾಟ. 2005ರ ಬ್ಯಾಟ್‌ಮ್ಯಾನ್ ಸಿನಿಮಾವೂ ಪಾಸು. ವೇಷ ತೊಟ್ಟ ಬ್ಯಾಟ್‌ಮ್ಯಾನ್ ಕಣ್ಣಿಗೆ ಬೀಳಲು ಸುಮಾರು ಒಂದು ಗಂಟೆ ಕಾಯಬೇಕು, ಆದರೆ ಹಿಮದ ಬೆಟ್ಟದಲ್ಲಿ ವಿದ್ಯೆ ಕಲಿಸಿದ ಗುರುವೇ ಕೊನೆಗೆ ಎದುರಾಳಿಯಾಗಿ ಬರುವುದರಿಂದ ಆ ಒಂದು ಗಂಟೆಯ ಸಾಲ ಪೂರ್ತಿ ತೀರುತ್ತದೆ. ಅಪ್ಪ ಅಮ್ಮ ಸತ್ತದ್ದಕ್ಕಿಂತ ಅದಕ್ಕೂ ಸೂಟು ತೊಟ್ಟದ್ದಕ್ಕೂ ನಡುವಿನ ವರ್ಷಗಳು ಅಲ್ಲಿ ಮುಖ್ಯವಾದವು. ಅದನ್ನು ಹಿಂದಿನ ಯಾವ ಸಿನಿಮಾವೂ ಹೀಗೆ ಬಿಡಿಸಿ ತೋರಿಸಿರಲಿಲ್ಲ.

2013ರ ಸೂಪರ್‌ಮ್ಯಾನ್ ಅರ್ಧ ಪಾಸು. ಶುರುವಿನ ಸುಮಾರು 20 ನಿಮಿಷ ಕ್ರಿಪ್ಟಾನಿನಲ್ಲೇ ಕಳೆಯುತ್ತದೆ. ಸೇನಾಪತಿ ಝಾಡ್ ಅಲ್ಲಿಂದಲೇ ಹೊರಟು ಬರುವುದರಿಂದ ಅದಕ್ಕೆ ನ್ಯಾಯವಿದೆ. ಆದರೆ ಮುಂದೆ ಕ್ಲಾರ್ಕ್ (ಭೂಮಿಯಲ್ಲಿ ಸೂಪರ್‌ಮ್ಯಾನ್‌ನ ಹೆಸರು) ಹಿಮದಡಿಯ ಹಡಗಿನೊಳಗೆ ಹೋದಾಗ, ತಂದೆಯ ನೆರಳುರೂಪ ಬಂದು ಕ್ರಿಪ್ಟಾನಿನ ಇತಿಹಾಸವನ್ನು ಮತ್ತೊಮ್ಮೆ ಚಿತ್ರ ಸಮೇತ ವಿವರಿಸುತ್ತದೆ. ನಮಗೆ ಮೊದಲೇ ತೋರಿಸಿಯಾಗಿದೆ, ಗೊತ್ತಿಲ್ಲದವನು ಕ್ಲಾರ್ಕ್ ಒಬ್ಬನೇ. ಎರಡರಲ್ಲಿ ಒಂದು ಸಾಕಿತ್ತು. ನನ್ನನ್ನು ಕೇಳಿದರೆ ಹಡಗಿನ ದೃಶ್ಯ ಉಳಿಸಿ ಮೊದಲ 20 ನಿಮಿಷ ತೆಗೆಯಬೇಕು, ಏಕೆಂದರೆ ಕೇಳಿಸಿಕೊಳ್ಳುವವನ ಮುಖ ಎದುರಿಗಿದ್ದಾಗ ಹಳೆಯ ಕಥೆಗೂ ಜೀವ ಬರುತ್ತದೆ.

ಅತ್ಯಂತ ಕೆಟ್ಟ ಲೆಕ್ಕ 2015ರ ಫೆಂಟಾಸ್ಟಿಕ್ ಫೋರ್‌ನದು. ಈ ನಾಲ್ವರ ಸಿನಿಮಾದ ಚರಿತ್ರೆಯೇ ವಿಚಿತ್ರ: 1994ರಲ್ಲಿ ಹಕ್ಕು ಕೈತಪ್ಪಬಾರದೆಂದು ಅಗ್ಗದಲ್ಲಿ ಒಂದನ್ನು ಮಾಡಿ ಮುಗಿಸಿದರು, ಅದು ಬಿಡುಗಡೆಯನ್ನೇ ಕಾಣಲಿಲ್ಲ. 2005ರಲ್ಲಿ ಹುಟ್ಟಿದ ಕಥೆ ಮತ್ತೊಮ್ಮೆ ಬಂತು. 2015ರದ್ದು ಬರೀ 100 ನಿಮಿಷದ ಸಿನಿಮಾ. ಅದರಲ್ಲಿ ಯಂತ್ರ ಕಟ್ಟುವುದು, ಹುಡುಗರು ಒಟ್ಟಾಗುವುದು ಎಂದು ಬಹಳ ಹೊತ್ತು ಹೋದ ಮೇಲೆ ಅಪಘಾತವಾಗುತ್ತದೆ. ಒಬ್ಬನ ಮೈ ಕಲ್ಲಾಗಿದೆ, ಒಬ್ಬನ ಕೈಕಾಲು ರಬ್ಬರಿನಂತೆ ನೀಳವಾಗಿದೆ. ನೋಡುವವನಿಗೆ ಆಗ ಬೇಕಿರುವುದು ಇವರು ಈ ದೇಹದೊಳಗೆ ಹೇಗೆ ಬದುಕುತ್ತಾರೆ ಎಂಬುದು. ಹೊಸ ಪ್ರಶ್ನೆ ಅದೊಂದೇ. ಪರದೆಯ ಮೇಲೆ ಬರುವುದು ‘ಒಂದು ವರ್ಷದ ನಂತರ’ ಎಂಬ ಅಕ್ಷರ. ಗೊತ್ತಿರುವುದನ್ನು ನಿಧಾನವಾಗಿ ತೋರಿಸಿ, ಗೊತ್ತಿಲ್ಲದ್ದನ್ನು ಹಾರಿಸಿದರು. 2016ರ ಬ್ಯಾಟ್‌ಮ್ಯಾನ್-ಸೂಪರ್‌ಮ್ಯಾನ್ ಕಾಳಗದಲ್ಲೂ ಇದೇ ತಪ್ಪು ಇನ್ನೊಂದು ರೂಪದಲ್ಲಿ ಬಂದಿದೆ. ಪಿಸ್ತೂಲಿನ ಮೂತಿ ತಾಯಿಯ ಮುತ್ತಿನ ಸರದೊಳಗೆ ನುಗ್ಗುತ್ತದೆ, ಗುಂಡು ಹಾರುವ ಹೊಡೆತಕ್ಕೆ ಸರ ಹರಿದು ಮುತ್ತುಗಳು ನಿಧಾನಗತಿಯಲ್ಲಿ ಚೆಲ್ಲುತ್ತವೆ. ಅಷ್ಟು ಹತ್ತಿರದಿಂದ, ಅಷ್ಟು ಶ್ರದ್ಧೆಯಿಂದ ತೆಗೆದ ಆ ದೃಶ್ಯ ನಮಗೆ ಗೊತ್ತೇ ಇರುವ ಸಂಗತಿ. ಅದೇ ಸಿನಿಮಾದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್‌ನ ಸೂಟು ನಿಂತಿದೆ, ಅದರ ಮೇಲೆ ಜೋಕರ್ ಬಣ್ಣದಲ್ಲಿ ಗೀಚಿದ್ದಾನೆ. ಈ ಬ್ಯಾಟ್‌ಮ್ಯಾನ್ ಇಷ್ಟು ಕ್ರೂರಿ ಯಾಕಾದ ಎಂಬ ಪ್ರಶ್ನೆಗೆ ಉತ್ತರ ಆ ಪೆಟ್ಟಿಗೆಯಲ್ಲಿದೆ. ಅದಕ್ಕೆ ಸಿಕ್ಕಿದ್ದು ಕೆಲವೇ ಕ್ಷಣ.

ಇನ್ನು ಪೀಠಿಕೆಯನ್ನು ಸರಿಯಾಗಿ ಕಟ್ಟಿದವರ ಕಡೆ ಬರೋಣ. 2008ರ ಹಲ್ಕ್ ಸಿನಿಮಾ, 2003ರದ್ದು ಬಂದು ಐದೇ ವರ್ಷವಾಗಿದ್ದರಿಂದ, ಪ್ರಯೋಗ ಕೆಟ್ಟದ್ದು, ಮನುಷ್ಯ ರಾಕ್ಷಸನಾದದ್ದು, ಪ್ರಿಯತಮೆ ಆಸ್ಪತ್ರೆ ಸೇರಿದ್ದು, ಅವನು ಓಡಿಹೋದದ್ದು ಎಲ್ಲವನ್ನೂ ಹೆಸರುಪಟ್ಟಿಯ ಹಿಂದೆ ಮಾತಿಲ್ಲದೆ ಮುಗಿಸಿತು. ಹೆಸರುಪಟ್ಟಿ ನಿಂತಾಗ ಬ್ರೂಸ್ ಬ್ಯಾನರ್ ಬ್ರೆಜಿಲಿನ ಪಾನೀಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಕೈಗೆ ನಾಡಿಬಡಿತ ಎಣಿಸುವ ಯಂತ್ರ ಕಟ್ಟಿಕೊಂಡಿದ್ದಾನೆ. ಆ ಯಂತ್ರವೇ ಪೀಠಿಕೆಯ ಉಳಿದರ್ಧ. ಬಡಿತ ಏರಿದರೆ ಅಪಾಯ ಎಂದು ಗೊತ್ತಾದ ಮೇಲೆ, ಅವನು ಮೆಟ್ಟಿಲು ಹತ್ತಿ ಓಡಿದರೂ ಪ್ರೇಕ್ಷಕನ ಎದೆ ಹೊಡೆದುಕೊಳ್ಳುತ್ತದೆ.

ಚಿಕ್ಕ ಪೀಠಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2016ರ ಕ್ಯಾಪ್ಟನ್ ಅಮೆರಿಕಾ ಸಿನಿಮಾದಲ್ಲಿದೆ. ಹೊಸ ಪೀಟರ್ ಪಾರ್ಕರ್ ಅಲ್ಲಿ ಮೊದಲ ಸಲ ಬರುತ್ತಾನೆ. ಜೇಡ ಕಚ್ಚುವುದಿಲ್ಲ, ಚಿಕ್ಕಪ್ಪ ಸಾಯುವುದಿಲ್ಲ, ಬೆನ್ ಎಂಬ ಹೆಸರೂ ಬರುವುದಿಲ್ಲ. ಹುಡುಗನ ಸಣ್ಣ ಕೋಣೆಯಲ್ಲಿ ಟೋನಿ ಸ್ಟಾರ್ಕ್ ಕೂತು, ಇದನ್ನೆಲ್ಲ ಯಾಕೆ ಮಾಡುತ್ತೀ ಎಂದು ಕೇಳುತ್ತಾನೆ. ನನ್ನ ಕೈಯಲ್ಲಾಗುವುದನ್ನು ನಾನು ಮಾಡದೆ ಕೂತು, ಆಮೇಲೆ ಕೆಟ್ಟದ್ದು ನಡೆದರೆ, ಅದು ನನ್ನಿಂದಲೇ ನಡೆದ ಹಾಗೆ ಎಂಬರ್ಥದಲ್ಲಿ ಹುಡುಗ ತಡವರಿಸುತ್ತ ಹೇಳುತ್ತಾನೆ. ಹಳೆಯದನ್ನು ಬಲ್ಲವನಿಗೆ ಚಿಕ್ಕಪ್ಪನ ಇಡೀ ಸಾವು ಅದರೊಳಗೆ ಕಾಣುತ್ತದೆ. ತಿಳಿಯದವನಿಗೆ, ಈ ಹುಡುಗನ ಹಿಂದೆ ಏನೋ ಒಂದು ತಪ್ಪಿನ ಭಾರ ಇದೆ ಎಂಬಷ್ಟು ಸಿಗುತ್ತದೆ. ಇಬ್ಬರಿಗೂ ಸಾಲುತ್ತದೆ.

ಆದರೆ ಪೀಠಿಕೆಯಲ್ಲಿ ಕೊಟ್ಟ ಮಾತನ್ನು ಪ್ರಸಂಗದಲ್ಲಿ ಉಳಿಸಿಕೊಳ್ಳಬೇಕು. 2017ರಲ್ಲಿ ಅದೇ ಹುಡುಗನ ಸ್ವಂತ ಸಿನಿಮಾ ಬಂದಾಗ ಆ ಭಾರ ಎಲ್ಲೋ ಕಳೆದುಹೋಯಿತು. ಅಲ್ಲಿ ಪೀಟರ್ ಓಡಾಡುವುದು ಟೋನಿಯ ಮೆಚ್ಚುಗೆಗಾಗಿ, ತಂಡದಲ್ಲಿ ಜಾಗ ಸಿಗಲೆಂದು. ಸಿನಿಮಾ ಚುರುಕಾಗಿದೆ, ಲವಲವಿಕೆಯಿದೆ, ಆದರೂ ಇವನು ಯಾಕೆ ಸ್ಪೈಡರ್‌ಮ್ಯಾನ್ ಎಂಬ ಪ್ರಶ್ನೆ ತಳದಲ್ಲಿ ಉಳಿದುಬಿಡುತ್ತದೆ. ಕೊನೆಗೆ 2021ರಲ್ಲಿ, ಆ ನಟನ ಆರನೆಯ ಸಿನಿಮಾದಲ್ಲಿ, ಚಿಕ್ಕಮ್ಮ ಮೇ ಸಾಯುವ ಮುಂಚೆ ಹೊಣೆಯ ಆ ಮಾತನ್ನು ಪೂರ್ತಿಯಾಗಿ ಹೇಳುತ್ತಾಳೆ. ಅಂದರೆ ಬಿಟ್ಟ ಮೂಲಕಥೆಯನ್ನು ಐದು ವರ್ಷ ಕಳೆದು ತಂದು ಜೋಡಿಸಬೇಕಾಯಿತು. ಘಟನೆಯನ್ನು ಬಿಡಬಹುದು, ಅದರಿಂದ ಹುಟ್ಟಿದ ಸಂಕಲ್ಪವನ್ನು ಬಿಡಲಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪೀಠಿಕೆ ಕಟ್ಟುವವರು ಗಮನಿಸಬೇಕಾದದ್ದು ಇಷ್ಟು. ಶಕ್ತಿ ಎಲ್ಲಿಂದ ಬಂತು ಎಂಬುದಕ್ಕೆ ಒಂದು ವಾಕ್ಯ ಸಾಕು, ಅದು ಜೇಡವೋ ಸಿಡಿಲೋ ಎಂಬುದರ ಮೇಲೆ ಯಾರ ಕಣ್ಣೀರೂ ನಿಂತಿಲ್ಲ. ಶಕ್ತಿಯ ಮಿತಿ ಮಾತ್ರ ಸ್ಪಷ್ಟವಾಗಿ ಕಣ್ಣಿಗೆ ಕಾಣಬೇಕು, ಆದಷ್ಟು ಒಂದು ವಸ್ತುವಿನ ಮೂಲಕ, ಹಲ್ಕ್‌ನ ನಾಡಿಯಂತ್ರದ ಹಾಗೆ. ಮಿತಿ ತಿಳಿಸದಿದ್ದರೆ ಕೊನೆಯ ಹೊಡೆದಾಟದಲ್ಲಿ ನಾಯಕ ಸೋಲಬಹುದೆಂಬ ಭಯವೇ ಹುಟ್ಟುವುದಿಲ್ಲ. ಕಳೆದುಕೊಂಡದ್ದು ಏನು, ಅದರಿಂದ ಮಾಡಿಕೊಂಡ ಸಂಕಲ್ಪ ಏನು ಎನ್ನುವುದು ಪಾತ್ರದ ಬಾಯಿಂದ, ಯಾರಿಗಾದರೂ ಉತ್ತರವಾಗಿ ಬರಬೇಕು. ತಾನಾಗಿ ಹೇಳಿಕೊಂಡರೆ ಭಾಷಣವಾಗುತ್ತದೆ. ಕೂಟದಲ್ಲೂ ಹಾಗೆಯೇ: ಎದುರು ಅರ್ಥಧಾರಿ ಒಂದು ಚುಚ್ಚುಮಾತು ಎಸೆದ ಮೇಲೆ ಬರುವ ಪೂರ್ವಕಥೆಗೆ ಇರುವ ಬಿಸಿ, ಪೀಠಿಕೆ ಉದ್ದ ಎಳೆದಾಗ ಇರುವುದಿಲ್ಲ. ಇದೆಲ್ಲ ಮೊದಲ ಹತ್ತು ನಿಮಿಷದೊಳಗೆ ಮುಗಿಯಬೇಕೆಂದೂ ಇಲ್ಲ. ಮಿತಿ ಬೇಗ ಗೊತ್ತಾಗಲಿ, ನಷ್ಟ ತಡವಾಗಿ ತಿಳಿಯಲಿ.

ಎಷ್ಟು ತಡ? ಇದಕ್ಕೆ ಕರ್ಣಭೇದನಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕರ್ಣ ಕುಂತಿಯ ಮಗನೆಂದು ಚಪ್ಪರದಡಿ ಕೂತ ಎಲ್ಲರಿಗೂ ಗೊತ್ತು. ಆ ಪ್ರಸಂಗದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟನ್ನು ಹೇಳುವುದು ಮಾಹಿತಿ ಕೊಡಲು ಅಲ್ಲ, ಅವನನ್ನು ಒಡೆಯಲು. ಯುದ್ಧ ನಾಳೆಯೋ ನಾಡಿದ್ದೋ ಎನ್ನುವಾಗ, ಕೌರವನ ಋಣ ಕುತ್ತಿಗೆಯವರೆಗೆ ಬಂದಿರುವಾಗ, ನೀನು ಪಾಂಡವರ ಅಣ್ಣ ಎನ್ನುವ ಮಾತು ಬಾಣಕ್ಕಿಂತ ಹರಿತ. ಹುಟ್ಟಿದ ಕಥೆ ಅಲ್ಲಿ ಹಿನ್ನೆಲೆಯಲ್ಲ, ಆಯುಧ. ಅದಕ್ಕೇ ನೂರು ಸಲ ಕೇಳಿದವರೂ ಮತ್ತೆ ಹೋಗಿ ಕೂರುತ್ತಾರೆ.

2025ರ ಸೂಪರ್‌ಮ್ಯಾನ್ ಸಿನಿಮಾ ಈ ದಾರಿಯನ್ನೇ ಹಿಡಿಯಿತು. ಶುರುವಿನಲ್ಲಿ ಬರೀ ಅಕ್ಷರಗಳು: ಮೂರು ಶತಮಾನದ ಹಿಂದೆ ಹೀಗಾಯಿತು, ಮೂರು ದಶಕದ ಹಿಂದೆ ಅನ್ಯಗ್ರಹದ ಕೂಸು ಭೂಮಿಗೆ ಬಂತು ಎಂದು ಇಳಿಯುತ್ತ ಇಳಿಯುತ್ತ ಮೂರು ನಿಮಿಷದ ಹಿಂದೆ ಅವನು ಮೊದಲ ಸಲ ಸೋತ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮರುಕ್ಷಣ ಅವನು ಹಿಮದ ಮೇಲೆ ಬಂದು ಬೀಳುತ್ತಾನೆ. ಕ್ರಿಪ್ಟಾನ್ ಸ್ಫೋಟ ಇಲ್ಲ, ಹೊಲದಲ್ಲಿ ಬಿದ್ದ ತೊಟ್ಟಿಲು ಇಲ್ಲ. ಆದರೆ ಹೆತ್ತವರು ಕಳಿಸಿದ ಸಂದೇಶದ ಅರ್ಧ ಭಾಗ ಮಾತ್ರ ಅವನ ಬಳಿ ಇದೆ, ಉಳಿದರ್ಧ ಹಾಳಾಗಿದೆ. ಆ ಉಳಿದರ್ಧ ವೈರಿಯ ಕೈಗೆ ಸಿಕ್ಕಿ ಊರೆಲ್ಲ ಕೇಳುವಂತೆ ಬಿತ್ತರವಾದಾಗ ಅವನು ನಂಬಿಕೊಂಡು ಬಂದ ನೆಲವೇ ಅಲುಗಾಡುತ್ತದೆ. ಹುಟ್ಟನ್ನು ತೋರಿಸದೆ ಹುಟ್ಟಿನ ಅರ್ಥವನ್ನೇ ಜಗಳಕ್ಕೆ ಇಟ್ಟರು. 2022ರ ಬ್ಯಾಟ್‌ಮ್ಯಾನ್ ಕೂಡ ಇದೇ ಜಾತಿಯದು. 176 ನಿಮಿಷದ ಸಿನಿಮಾದಲ್ಲಿ ಗಲ್ಲಿಯ ಕೊಲೆ ಒಮ್ಮೆಯೂ ಬರುವುದಿಲ್ಲ. ಬದಲಿಗೆ, ಕೊಲೆಯಾದ ಮೇಯರನ ಮನೆಗೆ ಬ್ಯಾಟ್‌ಮ್ಯಾನ್ ತನಿಖೆಗೆ ಹೋದಾಗ ಆ ಮನೆಯ ಸಣ್ಣ ಹುಡುಗ ಕಣ್ಣಿಗೆ ಬೀಳುತ್ತಾನೆ. ಮುಖವಾಡದೊಳಗಿನ ಕಣ್ಣು ಆ ಹುಡುಗನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟೇ. ಮುತ್ತಿನ ಸರ ಬೇಕಾಗುವುದೇ ಇಲ್ಲ. ಮುಂದೆ ಅವನ ಅಪ್ಪನ ಒಳ್ಳೆಯತನದ ಮೇಲೆಯೇ ಅನುಮಾನ ಏಳುತ್ತದೆ, ನಾವು ಮೂವತ್ತು ವರ್ಷದಿಂದ ಒಪ್ಪಿಕೊಂಡದ್ದು ಅಲ್ಲಾಡುತ್ತದೆ.

ಇಲ್ಲಿ ಒಂದು ಎದುರುವಾದ ಬರುತ್ತದೆ, ಅದು ಗಟ್ಟಿಯಾದ ವಾದವೇ. ಶ್ರೀದೇವೀ ಮಹಾತ್ಮೆಯಲ್ಲಿ ಮಹಿಷಾಸುರ ಹುಟ್ಟುವುದು ಎಲ್ಲರಿಗೂ ಗೊತ್ತು. ಆದರೂ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಅವನು ಅಬ್ಬರಿಸಿ ಬರುವುದನ್ನು ನೋಡಲು ನಿದ್ದೆಗೆಟ್ಟು ಕಾಯುತ್ತಾರೆ. ಹಾಗಿರುವಾಗ ಸಿನಿಮಾದಲ್ಲಿ ಮಾತ್ರ ಯಾಕೆ ಬೇಡ? ವ್ಯತ್ಯಾಸ ಇರುವುದು ಮಾಧ್ಯಮದಲ್ಲಿ. ಆಟ ಅಂದಿನದು ಅಂದಿಗೇ ಮುಗಿಯುತ್ತದೆ. ನಾಳೆ ಅದೇ ಪ್ರಸಂಗ ಆಡಿದರೂ ಮಾತು ಬೇರೆ, ಕುಣಿತ ಬೇರೆ, ವೇಷಧಾರಿ ಬೇರೆ. ಹಿಂದಿನದನ್ನು ನೋಡಬೇಕೆಂದರೆ ಮತ್ತೆ ಆಡಲೇಬೇಕು. 2002ರ ಸಿನಿಮಾ ಹಾಗಲ್ಲ, ಇವತ್ತೂ ಫೋನಿನಲ್ಲಿ ಹಾಗೆಯೇ ಇದೆ. ಅದನ್ನೇ ಮತ್ತೆ ತೆಗೆಯುವವನು ಇದ್ದದ್ದಕ್ಕೆ ಎದುರಾಗಿ ನಿಲ್ಲಬೇಕಾಗುತ್ತದೆ. ಆಟದಲ್ಲೂ ಈಗ ಕಾಲಮಿತಿ ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಪ್ರಸಂಗಕ್ಕೆ ಮುಂಚೆ ಬರುವ ಕುಣಿತಗಳ ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲರು ಕುಗ್ಗಿದರು, ಪ್ರಸಂಗ ಉಳಿಯಿತು. ಅದು ನಷ್ಟವೇ, ಅಲ್ಲವೆನ್ನುವುದಿಲ್ಲ. ಹೊತ್ತು ಕಮ್ಮಿಯಾದಾಗ ಏನನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನ ಮಾತ್ರ ಸರಿಯಾಗಿತ್ತು.

ಹಾಗೆಂದು ಎಲ್ಲ ಮೂಲಕಥೆಯೂ ದಂಡ ಎಂದು ತಿಳಿಯಬಾರದು. ಹೊಸ ನಾಯಕನಿಗೆ ಹುಟ್ಟು ಬೇಕೇ ಬೇಕು. 2021ರ ಮಲಯಾಳಂ ಸಿನಿಮಾ ಮಿನ್ನಲ್ ಮುರಳಿ 158 ನಿಮಿಷವನ್ನೂ ಹುಟ್ಟಿಗೇ ಕೊಟ್ಟಿದೆ. ಅದರ ಜಾಣತನ ಇರುವುದು ಒಂದೇ ರಾತ್ರಿಯ ಸಿಡಿಲನ್ನು ಇಬ್ಬರ ಮೇಲೆ ಬೀಳಿಸಿದ್ದರಲ್ಲಿ, ದರ್ಜಿ ಜೈಸನ್ ಮೇಲೆ ಮತ್ತು ಚಹಾ ಅಂಗಡಿಯ ಶಿಬು ಮೇಲೆ. ಶಕ್ತಿ ಒಂದೇ, ಊರು ಒಂದೇ, ಊರು ಇಬ್ಬರನ್ನೂ ನಡೆಸಿಕೊಂಡ ರೀತಿ ಮಾತ್ರ ಬೇರೆ. ಒಬ್ಬ ನಾಯಕನಾಗುತ್ತಾನೆ, ಇನ್ನೊಬ್ಬ ಊರಿಗೆ ಬೆಂಕಿಯಿಡುವ ಮಟ್ಟಕ್ಕೆ ಹೋಗುತ್ತಾನೆ. ಹುಟ್ಟನ್ನು ಕಿತ್ತರೆ ಅಲ್ಲಿ ಸಿನಿಮಾವೇ ಇಲ್ಲ. 2025ರ ಲೋಕಃ ಇನ್ನೊಂದು ದಾರಿ ತೋರಿಸಿತು. ಕಳ್ಳಿಯಂಕಾಟ್ಟ್ ನೀಲಿ ಎಂದರೆ ಕೇರಳದವರಿಗೆಲ್ಲ ಗೊತ್ತಿರುವ ಯಕ್ಷಿ, ಹೆದರಿಸುವ ಕಥೆ. ಸಿನಿಮಾ ಅವಳನ್ನು ಇವತ್ತಿನ ಬೆಂಗಳೂರಿಗೆ ತಂದು, ಚಂದ್ರಾ ಎಂಬ ಹೆಸರಿನಲ್ಲಿ ಬಾಡಿಗೆ ಮನೆಯಲ್ಲಿ ಕೂರಿಸಿ, ಸಾಕಷ್ಟು ದೂರ ಹೋದ ಮೇಲೆ ಹಿಂದಿನ ಕಥೆ ತೆರೆಯುತ್ತದೆ. ಅಷ್ಟರಲ್ಲಿ ಅವಳು ಯಾರೆಂಬ ಕುತೂಹಲ ಮಾಗಿರುತ್ತದೆ. ತೆರೆದಾಗ ಕಾಣುವುದು ರಾಜನ ದಬ್ಬಾಳಿಕೆಗೆ ಸಿಕ್ಕ ಕಾಡಿನ ಹುಡುಗಿ. ಜನ ಬಲ್ಲ ಮೂಲವನ್ನೇ ತಿರುವಿ, ಆಕೆಯ ಕಡೆಯಿಂದ ಹೇಳಿದ್ದು ಇದು. ಗೊತ್ತಿರುವ ಹುಟ್ಟನ್ನು ಮತ್ತೆ ಹೇಳಲು ಇರಬಹುದಾದ ಅತ್ಯಂತ ಬಲವಾದ ಕಾರಣ ಇದೇ ಎಂದು ನನಗನಿಸುತ್ತದೆ: ಮೊದಲು ಹೇಳಿದವನು ಎದುರು ಪಕ್ಷದವನಾಗಿದ್ದರೆ. ವಾಲಿ ಮತ್ತು ಗುಹೆಯ ಕಥೆಯನ್ನು ರಾಮನ ಮುಂದೆ ಸುಗ್ರೀವ ಹೇಳುವುದು ಒಂದು ರೀತಿ. ಬಾಣ ತಿಂದು ಬಿದ್ದ ವಾಲಿಯ ಅರ್ಥದಲ್ಲಿ ಅದೇ ಕಥೆ ಬಂದಾಗ ಸಭೆ ಅಲುಗುವುದು ಇನ್ನೊಂದು ರೀತಿ.

ಇವೆರಡೂ ಉಪಾಯ ಒಂದೇ ಕಡೆ ಕಾಣಬೇಕಾದರೆ 2018ರ ಸ್ಪೈಡರ್‌ವರ್ಸ್ ಆ್ಯನಿಮೇಶನ್ ಸಿನಿಮಾ ನೋಡಬೇಕು. ಅಲ್ಲಿ ಹಳೆಯ ಸ್ಪೈಡರ್‌ಮ್ಯಾನ್, ಗ್ವೆನ್, ಕಪ್ಪುಬಿಳುಪಿನವನು, ಹಂದಿಮರಿ ಎಲ್ಲರೂ ಬರುತ್ತಾರೆ, ಪ್ರತಿಯೊಬ್ಬರೂ ಕಾಮಿಕ್ಸ್ ಪುಟ ತಿರುವಿದಂತೆ ಒಂದು ನಿಮಿಷದ ಆಸುಪಾಸಿನಲ್ಲಿ ತಮ್ಮ ಹುಟ್ಟು ಹೇಳಿ ಮುಗಿಸುತ್ತಾರೆ. ಹೊಸ ಹುಡುಗ ಮೈಲ್ಸ್ ಮೊರಾಲೆಸ್‌ಗೆ ಮಾತ್ರ ಪೂರ್ತಿ ಹೊತ್ತು: ಜೇಡ ಕಚ್ಚುವುದು, ಅಂಗೈ ಗೋಡೆಗೆ ಅಂಟಿಕೊಳ್ಳುವುದು, ನೆಚ್ಚಿನ ಚಿಕ್ಕಪ್ಪನೇ ಎದುರು ಪಕ್ಷದಲ್ಲಿರುವುದು, ಕೊನೆಗೆ ಆ ಚಿಕ್ಕಪ್ಪನ ಸಾವು. ಬಲ್ಲವರಿಗೆ ಪೀಠಿಕೆ, ಹೊಸಬನಿಗೆ ಪ್ರಸಂಗ.

ಮನೆಯಲ್ಲಿ ಮಕ್ಕಳಿಗೆ ತೋರಿಸುವವರು ಈ 2018ರದ್ದರಿಂದಲೇ ಶುರು ಮಾಡಬಹುದು, ಹಿಂದಿನದೇನೂ ಗೊತ್ತಿರಬೇಕಾಗಿಲ್ಲ. ಆಮೇಲೆ 2002 ಮತ್ತು 2004ರ ಸ್ಪೈಡರ್‌ಮ್ಯಾನ್. 2021ರದ್ದನ್ನು ಮಾತ್ರ ಮೊದಲೇ ತೋರಿಸಬೇಡಿ, ಅದರಲ್ಲಿ ಮತ್ತೆ ಬರುವ ಹಿಂದಿನ ಎರಡೂ ಪೀಟರ್‌ಗಳ ನಷ್ಟ ತಿಳಿದಿರದೆ ಅದರ ಎರಡನೆಯ ಅರ್ಧ ಹಿಡಿಯುವುದಿಲ್ಲ. ಸೂಪರ್‌ಮ್ಯಾನ್ 2025ರಿಂದ ನೇರ ನೋಡಬಹುದು. ಬ್ಯಾಟ್‌ಮ್ಯಾನ್ ದೊಡ್ಡ ಮಕ್ಕಳಿಗೆ ಮಾತ್ರ, 2005 ಮೊದಲು, 2022 ಆಮೇಲೆ. ಫೆಂಟಾಸ್ಟಿಕ್ ಫೋರ್‌ಗೂ 2025ರದ್ದೇ ಸಾಕು. ಅದು ಹುಟ್ಟನ್ನು ಒಂದು ಟೀವಿ ಕಾರ್ಯಕ್ರಮದ ಪರಿಚಯವಾಗಿ ಮುಗಿಸಿ ಮುಂದೆ ಹೋಗುತ್ತದೆ. 2015ರದ್ದನ್ನು ಬರೆಯುವ ಆಸೆ ಇರುವವರು ನೋಡಲಿ. ‘ಒಂದು ವರ್ಷದ ನಂತರ’ ಎಂದು ಬರುವಲ್ಲಿ ನಿಲ್ಲಿಸಿ, ಹಾರಿಸಿದ ಆ ವರ್ಷದ ದೃಶ್ಯಗಳನ್ನು ತಾವೇ ಬರೆದು ನೋಡಲಿ.